ಕುರಿಗೆ ಹುಳ ಬಿದ್ದಾಗ: ಮೈಯನ್ನು ನಂಬಬೇಕೋ, ಕತ್ತರಿಯನ್ನೋ, ಸೂಜಿಯನ್ನೋ?

ಪಿಪಿಆರ್ (ನಮ್ಮವರ ಬಾಯಲ್ಲಿ ಹಿರೇಬ್ಯಾನಿ) ಲಸಿಕೆ ಹಾಕಲು ಹುನಗುಂದ ಸೀಮೆಯ ಒಂದು ಹೊಲಕ್ಕೆ ಹೋಗಿದ್ದೆ. ಮುನ್ನೂರರಷ್ಟು ಕುರಿ, ಎರಡು ಮನೆತನದ್ದು. ಕೊನೆಯ ಕುರಿಗೆ ಸೂಜಿ ಚುಚ್ಚಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಗ ಹಿಂಡಿನ ಹಿರಿಯರು ಕೇಳಿದರು: "ಡಾಕ್ಟರ್ರ, ಹಿರೇಬ್ಯಾನಿಗೆ ಲಸಿಕಿ ಐತಿ, ಕರುಳಬ್ಯಾನಿಗೆ ಐತಿ, ಸಿಡುಬಿಗೆ ಐತಿ. ಈ ಹುಳಕ್ಕ ಮಾತ್ರ ಯಾಕ ಇಲ್ರಿ?"

ಅವತ್ತು ಏನೋ ಹಾರಿಕೆಯ ಉತ್ತರ ಕೊಟ್ಟು ಗಾಡಿ ಹತ್ತಿದೆ. ಆದರೆ ಕಾಕಾ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಆಸ್ಟ್ರೇಲಿಯಾದ ವಿಜ್ಞಾನಿಗಳು ಅದೇ ಪ್ರಶ್ನೆಯ ಹಿಂದೆ ದಶಕಗಟ್ಟಲೆ ಓಡಾಡಿದ್ದಾರೆ. ಅವರಿಗೆ ಸಿಕ್ಕ ಉತ್ತರ ಗೊತ್ತಿದ್ದರೆ, ಮಳೆಗಾಲದಲ್ಲಿ ನಮ್ಮ ಕುರಿಗಾರರು ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬರೀ ಕಣ್ಣು ಹಾಕಿದರೆ ಸಾಕು ಅನ್ನುವುದೂ ತಿಳಿಯುತ್ತದೆ. ಆ ಲೆಕ್ಕಾಚಾರಕ್ಕೆ ಈ ಬರಹ.

ಮೊದಲು, ಯಾವ ನೊಣ?

ನೊಣ ಇಟ್ಟ ಮೊಟ್ಟೆಯೊಡೆದು ಬಂದ ಮರಿಹುಳ ಕುರಿಯ ಮೈಯನ್ನೇ ತಿನ್ನತೊಡಗಿದರೆ ನಾವು ಎಲ್ಲದಕ್ಕೂ "ಹುಳ ಬಿತ್ತು" ಅಂದುಬಿಡುತ್ತೇವೆ. ಆದರೆ ಕುರಿಯ ಮೇಲೆ ಹುಳ ಬೀಳಿಸುವ ಮುಖ್ಯ ನೊಣಗಳು ಎರಡು, ಅವುಗಳ ದಾರಿಯೇ ಬೇರೆ.

ಒಂದು ಲ್ಯುಸಿಲಿಯಾ ಕುಪ್ರಿನಾ. ತಾಮ್ರ ಬೆರೆತ ಹಸಿರು ಮೈಯ ನೊಣ. ಆಸ್ಟ್ರೇಲಿಯಾದ ಮೆರಿನೋ ಕುರಿಗಳ ದೊಡ್ಡ ಶತ್ರು ಇದೇ, ನಮ್ಮಲ್ಲೂ ಇದೆ. ಇದಕ್ಕೆ ಗಾಯವೇ ಬೇಕೆಂದಿಲ್ಲ. ಮಳೆಯಲ್ಲಿ ನೆನೆದು ದಿನಗಟ್ಟಲೆ ಒಣಗದ ಉಣ್ಣೆ, ಉಚ್ಚೆ ಹಿಕ್ಕೆ ಮೆತ್ತಿಕೊಂಡ ಹಿಂಭಾಗ, ಬ್ಯಾಕ್ಟೀರಿಯಾದಿಂದ ಕೊಳೆತು ಹಸಿರು ಬಣ್ಣಕ್ಕೆ ತಿರುಗಿದ ಬೆನ್ನಿನ ಉಣ್ಣೆ, ಇಷ್ಟಿದ್ದರೆ ಅದಕ್ಕೆ ಸಾಕು. ಒಂದು ಹೆಣ್ಣು ಒಂದು ಸಲಕ್ಕೆ 200ರಿಂದ 250 ಮೊಟ್ಟೆ ಇಡುತ್ತದೆ. ಒಂದೇ ದಿನದೊಳಗೆ ಮರಿಹುಳ ಹೊರಬಂದು, ಮೂರು ನಾಲ್ಕು ದಿನ ತಿಂದು, ನೆಲಕ್ಕೆ ಉದುರಿ ಮಣ್ಣು ಸೇರುತ್ತದೆ.

ಇನ್ನೊಂದು ಕ್ರೈಸೋಮಿಯಾ ಬೆಜ್ಜಿಯಾನಾ. ಇದು ಹಸಿ ಗಾಯಕ್ಕೇ ಬರುವ ನೊಣ. ಜಾಲಿ ಮುಳ್ಳು ಗೀರಿದ್ದು, ನಾಯಿ ಕಚ್ಚಿದ್ದು, ಟಗರು ಟಗರು ಗುದ್ದಾಡಿ ಕೋಡಿನ ಬುಡ ಒಡೆದದ್ದು, ಕಿವಿಗೆ ಓಲೆ ಹೊಡೆದದ್ದು, ಎಲ್ಲಕ್ಕಿಂತ ಹೆಚ್ಚಾಗಿ ಆಗಷ್ಟೇ ಹುಟ್ಟಿದ ಮರಿಯ ಹೊಕ್ಕುಳ. ಗಾಯದ ಅಂಚಿನಲ್ಲಿ ಒತ್ತೊತ್ತಾಗಿ ಬಿಳಿ ಮೊಟ್ಟೆ ಅಂಟಿಸುತ್ತದೆ. ಹುಳಗಳು ತಲೆ ಕೆಳಗೆ ಮಾಡಿ ಮಾಂಸದೊಳಗೆ ಕೊರೆದುಕೊಂಡು ಹೋಗುತ್ತವೆ, ಉಸಿರಾಟದ ತೂತಿರುವ ಹಿಂತುದಿ ಮಾತ್ರ ಮೇಲೆ ಕಾಣುತ್ತದೆ. ತಿನ್ನುವುದು ಐದಾರು ದಿನ, ಕೆಲವೊಮ್ಮೆ ಏಳು. ಸತ್ತ ಮಾಂಸ ಇದಕ್ಕೆ ಬೇಡ, ಜೀವಂತ ಮಾಂಸವೇ ಬೇಕು. ಬಾಗಲಕೋಟೆ, ವಿಜಯಪುರದ ಕಡೆ ನನ್ನ ಕೈಗೆ ಬರುವ ಹುಳದ ಕೇಸುಗಳಲ್ಲಿ ಹೆಚ್ಚಿನವು ಗಾಯದ್ದೇ. ಖಾನಾಪುರದ ಮಳೆ ಸೀಮೆಗೆ ಹೊಂದಿದ ಹಿಂಡುಗಳಲ್ಲಿ ಉಣ್ಣೆ ಕೊಳೆತು ಬೀಳುವ ಹುಳವೂ ಕಾಣಸಿಗುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಉಣ್ಣೆ ಕತ್ತರಿಸಿದರೆ ಮೊದಲನೆಯ ನೊಣ ದೂರವಾಗುತ್ತದೆ. ಕತ್ತರಿ ತಾಗಿ ಚರ್ಮ ಸೀಳಿದರೆ ಎರಡನೆಯದಕ್ಕೆ ಬಾಗಿಲು ತೆರೆದಂತೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕರೆಯೋಲೆ.

ಕುರಿಯ ಮೈ ಸುಮ್ಮನಿರುತ್ತದೆಯೇ?

ಇಲ್ಲ. ಹುಳ ಬಿದ್ದ ಕುರಿ ಸೋಲುವುದು ಹೋರಾಡದೆ ಅಲ್ಲ, ಹೋರಾಡುತ್ತಲೇ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಕಾಕಾನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಲ್ಯುಸಿಲಿಯಾದ ಮೊದಲ ಹಂತದ ಮರಿ ಕೂದಲೆಳೆಯಷ್ಟು ಸಣ್ಣದು. ಗಟ್ಟಿ ಚರ್ಮ ಕೊರೆಯುವ ಬಲ ಅದಕ್ಕಿಲ್ಲ. ಅದು ಬಾಯಿಂದ, ಮೈಯಿಂದ ಪ್ರೋಟೀನ್ ಕರಗಿಸುವ ಕಿಣ್ವಗಳನ್ನು ಚರ್ಮದ ಮೇಲೆ ಸುರಿಸುತ್ತದೆ. ನಮ್ಮ ಕರುಳಿನಲ್ಲಿ ಪ್ರೋಟೀನ್ ಕರಗಿಸುವ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಇವೆಯಲ್ಲ, ಅದೇ ಜಾತಿಯವು. ಅಂದರೆ ಹುಳ ಕುರಿಯನ್ನು ಮೊದಲು ಹೊರಗೇ ಜೀರ್ಣಿಸಿಕೊಂಡು ಆಮೇಲೆ ಕುಡಿಯುತ್ತದೆ. ಜೊತೆಗೆ ಅಮೋನಿಯಾ ಬಿಡುತ್ತದೆ. ಅದರಿಂದ ಚರ್ಮದ ಮೇಲೆ ಕ್ಷಾರ ಏರಿ ಕಿಣ್ವಗಳ ಕೆಲಸ ಇನ್ನಷ್ಟು ಚುರುಕಾಗುತ್ತದೆ. ಅದೇ ಅಮೋನಿಯಾ ರಕ್ತ ಸೇರಿದಾಗ ಕುರಿಗೆ ಜ್ವರ, ಮೇವು ಬಿಡುವುದು, ಗುಂಪು ಬಿಟ್ಟು ಒಂಟಿಯಾಗಿ ನಿಲ್ಲುವುದು. ಹುಳ ಬಿದ್ದ ಕುರಿ ಸಾಯುವುದು ಮಾಂಸ ಹೋದದ್ದಕ್ಕಿಂತ ಈ ವಿಷ ಏರಿದ್ದರಿಂದ.

ಚರ್ಮ ಕೆರಳಿದ ಗಳಿಗೆಯಿಂದಲೇ ಕುರಿಯ ಮೈ ಎದ್ದು ನಿಲ್ಲುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನ್ಯೂಟ್ರೊಫಿಲ್ ಅನ್ನುವ ಬಿಳಿ ರಕ್ತಕಣಗಳು ಮೊದಲು ಓಡಿಬರುತ್ತವೆ. ಅವುಗಳ ಬೆನ್ನಿಗೆ ಇಯೊಸಿನೊಫಿಲ್‌ಗಳು, ಮಾಸ್ಟ್ ಕೋಶಗಳು, ಟಿ ಕೋಶಗಳು. "ಬನ್ನಿ, ಇಲ್ಲಿ ಬನ್ನಿ" ಎಂದು ಕೂಗುವ ರಾಸಾಯನಿಕ ಸಂದೇಶಗಳು, ಇಂಟರ್‌ಲ್ಯೂಕಿನ್ 1, 6, 8, ಆ ಜಾಗದಲ್ಲಿ ಏರುತ್ತವೆ. ಬ್ಯಾಕ್ಟೀರಿಯಾ ಬಂದಿದ್ದರೆ ಈ ಸೈನ್ಯ ಸಾಕಿತ್ತು. ಆದರೆ ನ್ಯೂಟ್ರೊಫಿಲ್ ನುಂಗುವುದು ತನಗಿಂತ ಸಣ್ಣದನ್ನು. ಸಾವಿರಾರು ಪಟ್ಟು ದೊಡ್ಡದಾದ ಹುಳವನ್ನು ಎಲ್ಲಿಂದ ನುಂಗೀತು?

ಇಲ್ಲೇ ಒಂದು ವಿಪರೀತವೂ ಇದೆ. ಉರಿಯೂತವಾದಾಗ ರಕ್ತನಾಳಗಳಿಂದ ರಸಿಗೆ ಒಸರುತ್ತದೆ. ಆ ರಸಿಗೆಯಲ್ಲಿ ಪ್ರತಿಕಾಯಗಳೂ (ಶತ್ರುವನ್ನು ಗುರುತಿಸಿ ಅಂಟಿಕೊಳ್ಳುವ ರಕ್ಷಣೆಯ ಕಣಗಳು) ಇರುತ್ತವೆ, ಪ್ರೋಟೀನೂ ಇರುತ್ತದೆ. ಇನ್ನೂ ಚರ್ಮ ಕೊರೆಯಲಾಗದ ಪುಟ್ಟ ಮರಿಹುಳಕ್ಕೆ ಅದೇ ಹಾಲು. ಕಳ್ಳನನ್ನು ಹಿಡಿಯಲು ಬಂದವರು ಕಳ್ಳನಿಗೇ ಬುತ್ತಿ ಬಿಚ್ಚಿ ಕೊಟ್ಟಂತೆ.

ಇನ್ನು ಪ್ರತಿಕಾಯಗಳ ವಿಚಾರ. ಹುಳ ಬಿದ್ದ ಕುರಿಯ ರಕ್ತದಲ್ಲಿ ಹುಳದ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಹುಟ್ಟುವುದನ್ನು ಪ್ರಯೋಗಗಳು ತೋರಿಸಿವೆ. ಮತ್ತೆ ಮತ್ತೆ ಹುಳ ಬಿಟ್ಟು ನೋಡಿದಾಗ ಹುಳಗಳ ಬೆಳವಣಿಗೆ ಸ್ವಲ್ಪ ಕುಂಠಿತವಾದದ್ದೂ ಉಂಟು. ಆದರೆ ಆ ಪ್ರತಿರೋಧ ಹೆಚ್ಚು ದಿನ ನಿಲ್ಲಲಿಲ್ಲ. ಹುಳವೂ ಕೈ ಕಟ್ಟಿ ಕೂತಿರುವುದಿಲ್ಲ: ಅದು ಸುರಿಸುವ ಕಿಣ್ವಗಳು ಪ್ರತಿಕಾಯಗಳನ್ನೇ ತುಂಡರಿಸಬಲ್ಲವು, ಅದರ ವಿಸರ್ಜನೆಯಲ್ಲಿರುವ ಅಂಶಗಳು ಕುರಿಯ ಲಿಂಫೋಸೈಟುಗಳು (ರಕ್ಷಣೆಯ ಒಂದು ಬಗೆಯ ಬಿಳಿ ರಕ್ತಕಣ) ಹೆಚ್ಚಾಗದಂತೆ ತಡೆಯುತ್ತವೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕಾಲದ್ದು. ಹೊಸ ಶತ್ರುವಿನ ವಿರುದ್ಧ ಸರಿಯಾದ ಪ್ರತಿಕಾಯ ತಯಾರಾಗಲು ಮೈಗೆ ವಾರವಾದರೂ ಬೇಕು. ಲ್ಯುಸಿಲಿಯಾ ಊಟ ಮುಗಿಸಿ ಎದ್ದು ಹೋಗಲು ನಾಲ್ಕು ದಿನ ಸಾಕು. ಬಸ್ಸು ಹೋದ ಮೇಲೆ ಟಿಕೆಟ್ ತೆಗೆದಂತಾಯಿತು.

ಮೂಗಿನ ಹುಳವನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಅದೂ ನೊಣದ ಮರಿಯೇ, ಈಸ್ಟ್ರಸ್ ಓವಿಸ್ ಎಂದು ಹೆಸರು. ಬಿಸಿಲೇರಿದಾಗ ಕುರಿಗಳು ತಲೆ ತಗ್ಗಿಸಿ ಒಂದರ ಹೊಟ್ಟೆ ಕೆಳಗೆ ಇನ್ನೊಂದು ಮೂಗು ತೂರಿಸಿ ನಿಲ್ಲುವುದು ಆ ನೊಣಕ್ಕೆ ಹೆದರಿಯೇ. ಅದರ ಮರಿ ಮೂಗಿನ ಹೊಳ್ಳೆಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತದೆ. ಅಷ್ಟು ಸಮಯ ಸಿಕ್ಕಿದ್ದರಿಂದ ಕುರಿಯ ಮೈ ಅದನ್ನು ಗುರುತಿಸಿ, ಮೂಗಿನ ಪೊರೆಯಲ್ಲಿ ಇಯೊಸಿನೊಫಿಲ್ ಮತ್ತು ಮಾಸ್ಟ್ ಕೋಶಗಳನ್ನು ತುಂಬಿಸಿ, ಸೀನಿ ಸೀನಿ ಹೊರಹಾಕಲು ನೋಡುತ್ತದೆ. ಕುರಿ ಅದೇ, ರಕ್ತ ಅದೇ. ಒಂದು ಕಡೆ ವ್ಯಾಜ್ಯ ನಡೆಸಲು ಸಮಯ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ.

ಹಾಗಾದರೆ ಲಸಿಕೆ?

ಮೊದಲೇ ಲಸಿಕೆ ಕೊಟ್ಟು ಪ್ರತಿಕಾಯ ಸಿದ್ಧವಿಟ್ಟರೆ ಕಾಲದ ತೊಡಕು ತಪ್ಪುತ್ತದಲ್ಲ? ಆಸ್ಟ್ರೇಲಿಯಾದವರು ಹಿಡಿದದ್ದು ಇದೇ ಜಾಡು. ಹುಳದ ಕರುಳಿನ ಒಳಗೆ ತಿಂದದ್ದನ್ನು ಸುತ್ತುವ ಒಂದು ತೆಳು ಪೊರೆ ಇದೆ. ಆ ಪೊರೆಯ ಪ್ರೋಟೀನುಗಳನ್ನು ಕುರಿಗೆ ಚುಚ್ಚಿದರು. ಕುರಿಯ ರಸಿಗೆಯೊಂದಿಗೆ ಪ್ರತಿಕಾಯ ಹುಳದ ಹೊಟ್ಟೆಗೆ ಹೋಗಿ, ಪೊರೆಯ ಸಣ್ಣ ರಂಧ್ರಗಳನ್ನು ಮುಚ್ಚಿ, ಹುಳ ತಿಂದರೂ ಹಸಿದಿರುವಂತೆ ಮಾಡಿತು. 1990ರ ದಶಕದ ಈ ಪ್ರಯೋಗಗಳಲ್ಲಿ ಹುಳಗಳು ಬಡವಾದವು, ಕೆಲವು ಸತ್ತವು. ನಮ್ಮ ಗಾಯದ ನೊಣ ಕ್ರೈಸೋಮಿಯಾ ಮೇಲೂ ಇಂಥದ್ದೇ ಪ್ರಯೋಗವನ್ನು ಆಸ್ಟ್ರೇಲಿಯಾ, ಇಂಡೋನೇಷ್ಯಾ ಸೇರಿ ಮಾಡಿದವು. ಆದರೆ ಹುಳ ಬಡವಾದರೆ ಕುರಿಗಾರನಿಗೆ ಏನು ಬಂತು? ಅವನಿಗೆ ಬೇಕಾದದ್ದು ಹುಳ ಬೀಳದ ಕುರಿ. ಯಾವ ಲಸಿಕೆಯೂ ಅಂಗಡಿಯ ಫ್ರಿಜ್ಜಿನವರೆಗೆ ಬರಲಿಲ್ಲ.

ಇದೇ ಉಪಾಯ ಬೇರೆ ಕಡೆ ಗೆದ್ದಿದೆ ಅನ್ನುವುದೂ ತಿಳಿದಿರಲಿ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರಿ ಗದ್ದದ ಕೆಳಗೆ ನೀರು ತುಂಬಿಸುವ ಜಂತು ಹಿಮಾಂಕಸ್. ಅದರ ಕರುಳಿನ ಪ್ರೋಟೀನಿನಿಂದ ಸ್ಕಾಟ್ಲೆಂಡಿನ ಮೊರ್ಡನ್ ಸಂಸ್ಥೆ ರೂಪಿಸಿದ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂತು. ಆ ಜಂತು ವಾರಗಟ್ಟಲೆ ರಕ್ತ ಕುಡಿಯುತ್ತಲೇ ಇರುತ್ತದೆ, ಪ್ರತಿ ಗುಟುಕಿನಲ್ಲೂ ಪ್ರತಿಕಾಯ ಒಳಗಿಳಿಯುತ್ತದೆ. ನಾಲ್ಕು ದಿನದ ಅತಿಥಿಗೆ ಹಾಗೆ ಉಣಿಸಲು ಆಗುವುದಿಲ್ಲ. 2015ರಲ್ಲಿ ಲ್ಯುಸಿಲಿಯಾದ ಇಡೀ ಜೀನೋಮ್ ಓದಿ ಪ್ರಕಟಿಸಿದರು, 14,500ಕ್ಕೂ ಹೆಚ್ಚು ಜೀನ್. ಅದರಿಂದ ಹೊಸ ಗುರಿ ಹುಡುಕುವ ಕೆಲಸ ನಡೆದಿದೆ. ಸದ್ಯಕ್ಕೆ ಯಾರಾದರೂ ಹಟ್ಟಿಗೆ ಬಂದು "ಹುಳ ಬೀಳದ ಇಂಜೆಕ್ಷನ್, ಲಸಿಕಿ ಇದ್ದಂಗ" ಅಂದರೆ ಅದು ಲಸಿಕೆಯಲ್ಲ, ಹುಳ ಕೊಲ್ಲುವ ಔಷಧಿ ಐವರ್ಮೆಕ್ಟಿನ್ ಅಥವಾ ಅದರ ತಮ್ಮ. ಅದರ ಮಾತು ಆಮೇಲೆ.

ತಳಿ: ಡೆಕ್ಕನಿಯೋ, ಯಳಗವೋ

ಲಸಿಕೆ ಇಲ್ಲದಿದ್ದರೂ ಕೆಲವು ಕುರಿ ಹುಟ್ಟಿನಿಂದಲೇ ಗಟ್ಟಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ಟ್ರಾಂಜಿಯಲ್ಲಿ 1970ರ ದಶಕದಲ್ಲಿ ಮೆರಿನೋ ಕುರಿಗಳನ್ನು ಎರಡು ಸಾಲು ಮಾಡಿ ಬೆಳೆಸಿದರು: ಉಣ್ಣೆ ಕೊಳೆತ ಮತ್ತು ಹುಳಕ್ಕೆ ಬೇಗ ಬೀಳುವವು ಒಂದು, ಬೀಳದವು ಇನ್ನೊಂದು. ತಲೆಮಾರು ಕಳೆದಂತೆ ಎರಡು ಸಾಲುಗಳ ಅಂತರ ಎದ್ದು ಕಂಡಿತು. ಗಟ್ಟಿ ಸಾಲಿನ ಕುರಿಗಳ ಚರ್ಮಕ್ಕೆ ಹುಳದ ಸಾರ ಚುಚ್ಚಿ ನೋಡಿದಾಗ ಅವುಗಳ ಚರ್ಮ ಹೆಚ್ಚು ಜೋರಾಗಿ ಕೆರಳಿತು. ಪ್ರತಿಕಾಯಕ್ಕೆ ಕಾಯದೆ, ಮೊದಲ ಗಂಟೆಗಳಲ್ಲೇ ಏಳುವ ಚರ್ಮ. ಉಣ್ಣೆಯ ಗುಣ, ಚರ್ಮದ ಮಡಿಕೆ, ನೀರು ಬೇಗ ಒಣಗುವುದು ಇವೂ ಸೇರಿ ಆ ಗಟ್ಟಿತನ ಬಂದದ್ದು.

ನಮ್ಮಲ್ಲಿ ಆಯ್ಕೆ ಮೆರಿನೋದ್ದಲ್ಲ. ಬೆಳಗಾವಿ ಕಡೆಯ ಕರಿ ಡೆಕ್ಕನಿ ಒರಟು ಉಣ್ಣೆಯ ಕುರಿ, ಕಂಬಳಿ ಕೊಟ್ಟದ್ದು. ಮೆರಿನೋದಂತೆ ಮಡಿಕೆ ಮಡಿಕೆ ಚರ್ಮ ಇದಕ್ಕಿಲ್ಲ, ಬಾಲವೂ ಗಿಡ್ಡ. ಆಸ್ಟ್ರೇಲಿಯಾದಲ್ಲಿ ಮರಿಗಳ ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವ ಮ್ಯೂಲ್ಸಿಂಗ್ ಎಂಬ ಕ್ರೂರ ಪದ್ಧತಿ ಹುಟ್ಟಿದ್ದು ಆ ಮಡಿಕೆಗಳಿಂದ; ನ್ಯೂಜಿಲೆಂಡ್ 2018ರಲ್ಲಿ ಅದನ್ನು ನಿಷೇಧಿಸಿತು. ನಮಗೆ ಅದರ ಗೊಡವೆ ಬೇಕಿಲ್ಲ. ಬಾಗಲಕೋಟೆ ಕಡೆಯ ಯಳಗಕ್ಕೆ ಉಣ್ಣೆಯೇ ಕಡಿಮೆ, ಉದ್ದ ಕಾಲು, ಮಳೆ ನಿಂತ ಗಳಿಗೆಗೆ ಮೈ ಒಣಗುತ್ತದೆ.

ಹೋಲಿಸಿದರೆ, ಉಣ್ಣೆ ಕೊಳೆತು ಬೀಳುವ ಹುಳಕ್ಕೆ ಯಳಗ ಮೇಲು, ಇದರಲ್ಲಿ ಅನುಮಾನವಿಲ್ಲ. ಗಾಯದ ಹುಳಕ್ಕೆ ಎರಡೂ ಒಂದೇ. ಜಾಲಿ ಮುಳ್ಳು ತಳಿ ಕೇಳಿ ಚುಚ್ಚುವುದಿಲ್ಲ. ಹುಳದ ಕಾರಣಕ್ಕೇ ಡೆಕ್ಕನಿ ಮಾರಿ ಯಳಗ ತರುತ್ತೇನೆ ಅನ್ನುವವರಿಗೆ ನನ್ನ ಮಾತು: ನಿಮ್ಮ ಹಿಂಡಿನ ಹುಳ ಯಾವ ಬಗೆಯದು ಎಂದು ಒಂದು ಮಳೆಗಾಲ ನೋಡಿ. ಗಾಯದ್ದೇ ಹೆಚ್ಚಾದರೆ ತಳಿ ಬದಲಿಸಿ ಪ್ರಯೋಜನವಿಲ್ಲ. ಇರುವ ತಳಿಯಲ್ಲೇ ಪದೇ ಪದೇ ಬೆನ್ನಿಗೆ ಹುಳ ಬೀಳಿಸಿಕೊಳ್ಳುವ ಕುರಿಯನ್ನು ಅಮೀನಗಡದ ಸಂತೆಗೆ ಹೊಡೆದು, ಅದರ ಗಂಡುಮರಿಯನ್ನು ಬೀಜದ ಟಗರಾಗಿ ಉಳಿಸಿಕೊಳ್ಳದಿರುವುದು ಪುಕ್ಕಟೆಯ ತಳಿ ಸುಧಾರಣೆ. ಟಗರನ್ನು ಕೋಡು, ಎತ್ತರ ನೋಡಿ ಆರಿಸುವವರು ಅದರ ತಾಯಿಯ ಬೆನ್ನನ್ನೂ ಒಮ್ಮೆ ನೋಡಲಿ.

ಇನ್ನೊಂದು. ಹೊಟ್ಟೆಯಲ್ಲಿ ಜಂತು ತುಂಬಿ ಬಿಳುಚಿದ ಕುರಿಗೆ ಚರ್ಮದಲ್ಲಿ ಯುದ್ಧ ಮಾಡಲು ಪ್ರೋಟೀನ್ ಎಲ್ಲಿಂದ ಬರಬೇಕು? ಮೇಲೆ ಭೇದಿಯಾಗಿ ಹಿಂಭಾಗ ಹೊಲಸಾದರೆ ನೊಣಕ್ಕೆ ಔತಣ. ಜಂತಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕುಡಿಸುವುದು ಹುಳದ ಔಷಧಿಯೂ ಹೌದು.

ಕತ್ತರಿ

ವರ್ಷಕ್ಕೆ ಎರಡು ಸಲ ಕುರಿ ಕತ್ತರಿಸುವುದು ಡೆಕ್ಕನಿ ಕುರಿಗಾರರ ವಾಡಿಕೆ. ಉಣ್ಣೆಗೆ ಬೆಲೆ ಇದ್ದ ಕಾಲದಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಈಗ ಕತ್ತರಿಸುವವನ ಕೂಲಿ ಉಣ್ಣೆಯ ಬೆಲೆಗಿಂತ ಜಾಸ್ತಿ. "ಉಣ್ಣಿ ಮಾರಿದ್ರ ಚಹಾದ ರೊಕ್ಕಾನೂ ಬರೂದಿಲ್ರಿ" ಅಂತ ಒಂದು ಸಲ ಬಿಟ್ಟುಬಿಡುತ್ತಾರೆ. ಮೊದಲು ಉಣ್ಣೆಯ ಲೆಕ್ಕಕ್ಕೆ ಬರುತ್ತಿದ್ದ ಈ ಖರ್ಚನ್ನು ಈಗ ಔಷಧಿಯ ಲೆಕ್ಕಕ್ಕೆ ಬರೆದುಕೊಳ್ಳಿ ಅನ್ನುತ್ತೇನೆ ನಾನು. ಇಡೀ ಮೈ ಕತ್ತರಿಸಲು ಆಗದಿದ್ದರೆ ಬಾಲದ ಸುತ್ತ, ತೊಡೆಸಂದಿ, ಟಗರಿನ ಉಚ್ಚೆ ಬೀಳುವ ಜಾಗ ಇಷ್ಟನ್ನಾದರೂ ಬೋಳಿಸಿದರೆ ಒಂದೂವರೆ ತಿಂಗಳ ಆಸುಪಾಸು ಆ ಭಾಗಕ್ಕೆ ನೆಮ್ಮದಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ, ಬಿಸಿಲು ಬಿದ್ದ ವಾರ ನೋಡಿ ಮಾಡಿಸಬೇಕು.

ಕತ್ತರಿ ತಾಗಿದ ಪ್ರತಿ ಗೀರಿಗೂ ಅಲ್ಲೇ ಟಿಂಚರ್ ಹಚ್ಚಿ, ಬೇವಿನೆಣ್ಣೆ ಸವರಬೇಕು. ಇಷ್ಟು ಮಾಡದಿದ್ದರೆ ಕತ್ತರಿಸದೇ ಬಿಡುವುದು ಒಳ್ಳೆಯದು.

ಸೂಜಿಯೋ, ಎಣ್ಣೆಯೋ

ಹುಳ ಬಿದ್ದಾಯಿತು. ಈಗ?

ಐವರ್ಮೆಕ್ಟಿನ್ ಸೂಜಿಯ ಒಳ್ಳೆಯ ಗುಣ, ಅದು ರಕ್ತದ ಮೂಲಕ ಗಾಯದ ಮೂಲೆ ಮೂಲೆಗೂ ತಲುಪುತ್ತದೆ. ಶೇಕಡಾ 1ರ ದ್ರಾವಣವಾದರೆ 50 ಕಿಲೋ ತೂಕಕ್ಕೆ 1 ಮಿಲಿ, ಅಂದರೆ 25 ಕಿಲೋ ಕುರಿಗೆ ಅರ್ಧ ಮಿಲಿ, ಚರ್ಮದ ಕೆಳಗೆ. ಕೈ ಅಂದಾಜಿನಲ್ಲಿ ಹೆಚ್ಚು ಚುಚ್ಚಬಾರದು. ಎಳೆ ಹುಳಗಳು ಸಾಯುತ್ತವೆ, ಆಮೇಲೂ ಕೆಲವು ದಿನ ಹೊಸದಾಗಿ ಮೊಟ್ಟೆಯೊಡೆದವು ಉಳಿಯುವುದಿಲ್ಲ. ಜೊತೆಗೆ ಹೊಟ್ಟೆಯ ಜಂತಿಗೆ, ಮೂಗಿನ ಹುಳಕ್ಕೂ ಆಗುತ್ತದೆ. ಇದರ ತಮ್ಮ ಡೊರಾಮೆಕ್ಟಿನ್ ಇನ್ನೂ ಹೆಚ್ಚು ದಿನ ಮೈಯಲ್ಲಿ ಉಳಿಯುತ್ತದೆ. ಗಾಯದ ನೊಣದ ವಿರುದ್ಧ ಮುಂಜಾಗ್ರತೆಗೆ ಅದೇ ಮೇಲು.

ಕೆಟ್ಟ ಗುಣ ಮೂರು. ಆಳಕ್ಕಿಳಿದ, ಬಲಿತ ಹುಳಗಳಲ್ಲಿ ಕೆಲವು ಬದುಕಿಬಿಡುತ್ತವೆ. ಮಾಂಸಕ್ಕೆ ಮಾರುವ ಕುರಿಯಾದರೆ ಬಾಟಲಿಯ ಮೇಲೆ ಬರೆದಷ್ಟು ದಿನ ಕಾಯಬೇಕು. ನಾಳೆ ಸಂತೆ, ಇವತ್ತು ಸೂಜಿ ಅನ್ನುವುದು ತಿನ್ನುವವರಿಗೆ ಮಾಡುವ ದ್ರೋಹ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ: ಔಷಧಿ ಹಿಕ್ಕೆಯಲ್ಲಿ ಹೊರಬಿದ್ದು ಸಗಣಿ ತಿನ್ನುವ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಹೊಲದವರು ಕುರಿ ನಿಲ್ಲಿಸಿಕೊಂಡು ದುಡ್ಡು, ಕಾಳು ಕೊಡುವುದು ಆ ಗೊಬ್ಬರಕ್ಕೆ. ಅದನ್ನು ಮಣ್ಣಿಗೆ ಬೆರೆಸುವ ಕೂಲಿಯಾಳುಗಳೇ ಅವು. ಅದಕ್ಕೇ ಒಂದು ಕುರಿಗೆ ಹುಳ ಬಿತ್ತೆಂದು ಮುನ್ನೂರಕ್ಕೂ ಚುಚ್ಚುವುದನ್ನು ನಾನು ಒಪ್ಪುವುದಿಲ್ಲ.

ಟರ್ಪೆಂಟೈನ್ ಎಣ್ಣೆ ಹಳೆಯದು, ಅಗ್ಗದ್ದು, ಚೀಲದಲ್ಲಿ ಕೂರುವಂಥದ್ದು. ಹತ್ತಿಯಲ್ಲಿ ಅದ್ದಿ ಗಾಯದೊಳಗೆ ಐದು ನಿಮಿಷ ಇಟ್ಟರೆ ಹುಳಗಳು ಉಸಿರುಗಟ್ಟಿ ಹಿಂದಕ್ಕೆ ಬರುತ್ತವೆ, ಚಿಮಟದಲ್ಲಿ ಒಂದೊಂದಾಗಿ ಕೀಳಬೇಕು. ಆಮೇಲೆ ಗಾಯ ತೊಳೆದು, ನೊಣ ಓಡಿಸುವ ಮುಲಾಮು ಅಥವಾ ಬೇವಿನೆಣ್ಣೆಗೆ ಕರ್ಪೂರ ಹಾಕಿ ಸವರುವುದು. ಇದರ ಬಲಹೀನತೆ, ಇದು ಕೈಗೆ ಸಿಕ್ಕಷ್ಟೇ ಕೊಲ್ಲುತ್ತದೆ. ಕಣ್ಣಿನ ಹತ್ತಿರ, ಕಿವಿಯೊಳಗೆ, ಎಳೆಮರಿಯ ಹೊಕ್ಕುಳದಲ್ಲಿ ಸುರಿಯುವಂಥದ್ದೂ ಅಲ್ಲ. ಹೆಚ್ಚು ಹೊತ್ತು ಬಿಟ್ಟರೆ ಹೊಸದಾಗಿ ಬರುತ್ತಿರುವ ಕೆಂಪು ಮಾಂಸವನ್ನೂ ಸುಡುತ್ತದೆ.

ಸೂಜಿಯನ್ನೇ ನಂಬಿ ಕೆಟ್ಟ ಕತೆ ನನ್ನದೇ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೋಡಿನ ಬುಡ ಒಡೆದು ಹುಳ ಬಿದ್ದ ಟಗರಿಗೆ ಐವರ್ಮೆಕ್ಟಿನ್ ಚುಚ್ಚಿ, ಮೇಲೆ ಸ್ಪ್ರೇ ಹೊಡೆದು, "ನಾಳಿಗೆ ಸತ್ತಹೋಗ್ತಾವ" ಎಂದು ಹೊರಟೆ. ಚಿಮಟ ಹಿಡಿದು ಅರ್ಧ ಗಂಟೆ ಕೂರುವ ಸಹನೆ ಅವತ್ತು ಇರಲಿಲ್ಲ. ನಾಲ್ಕನೇ ದಿನ ಕರೆದರು. ಮೇಲಿನವು ಸತ್ತಿದ್ದವು, ಒಳಗಿನವು ಕೋಡಿನ ಪೊಳ್ಳಿನ ಹಾದಿ ಹಿಡಿದಿದ್ದವು. ಟಗರು ಉಳಿಯಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಲ್ಲಿಂದ ನನ್ನ ಕ್ರಮ ಒಂದೇ: ಮೊದಲು ಕೀಳು, ಆಮೇಲೆ ಚುಚ್ಚು, ಗಾಯ ಒಣಗುವವರೆಗೆ ದಿನಾ ನೋಡು. ಎಣ್ಣೆ ಬೇಕೋ ಸೂಜಿ ಬೇಕೋ ಎಂದು ಕೇಳಿದರೆ, ಗಾಯ ಬೆರಳಿನ ಗಿಣ್ಣಿಗಿಂತ ಆಳವಿಲ್ಲದಿದ್ದರೆ ಎಣ್ಣೆ ಸಾಕು. ಆಳವಿದ್ದರೆ, ತಲೆಯ ಹತ್ತಿರವಿದ್ದರೆ, ಎಳೆಮರಿಯಾದರೆ ವೈದ್ಯರನ್ನು ಕರೆಯಿರಿ, ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪೆಟ್ರೋಲ್, ಬ್ಯಾಟರಿ ನೀರು, ಹತ್ತಿ ಹೊಲದ ಕೀಟನಾಶಕದ ಪುಡಿ, ಇವನ್ನು ಆಯ್ಕೆಗಳ ಸಾಲಿಗೇ ಸೇರಿಸುವುದಿಲ್ಲ. ಒಂದು ಗೊಬ್ಬರದಂಗಡಿಯಲ್ಲಿ ಕುರಿಯ ಗಾಯಕ್ಕೆಂದೇ ಬೆಳೆಯ ಪುಡಿ ಚೀಟಿ ಕಟ್ಟಿ ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಅದು ಹುಳದೊಂದಿಗೆ ಕುರಿಯನ್ನೂ ಕೊಲ್ಲಬಲ್ಲದು. ಔಷಧಿ ಸುರಿಯುತ್ತಲೇ ಹೋದರೆ ನೊಣವೂ ತಾಳಿಕೊಳ್ಳಲು ಕಲಿಯುತ್ತದೆ ಅನ್ನುವುದಕ್ಕೆ ಮತ್ತೆ ಆಸ್ಟ್ರೇಲಿಯಾವೇ ಸಾಕ್ಷಿ: 1950ರ ದಶಕದಲ್ಲಿ ಡೀಲ್ಡ್ರಿನ್, 60ರ ದಶಕದಲ್ಲಿ ಡಯಾಜಿನಾನ್, ಹೀಗೆ ಒಂದೊಂದು ಕೀಟನಾಶಕವನ್ನೂ ಅಲ್ಲಿನ ಲ್ಯುಸಿಲಿಯಾ ಅರಗಿಸಿಕೊಂಡಿತು.

ನಿಮ್ಮ ಹಿಂಡು ಎಂಥದ್ದು?

ಅಥಣಿ, ರಾಯಬಾಗ ಕಡೆಯಿಂದ ಊರೂರು ತಿರುಗುವ ಡೆಕ್ಕನಿ ಹಿಂಡಿಗೆ ಕತ್ತರಿಯೇ ಮೊದಲು. ವೈದ್ಯರು ಕೈಗೆ ಸಿಗದ ಹೊಲದಲ್ಲಿ ಟರ್ಪೆಂಟೈನ್, ಚಿಮಟ, ಟಿಂಚರ್ ಮೂರೂ ಬುತ್ತಿಯ ಗಂಟಿನ ಜೊತೆಗಿರಲಿ. ಕರಿಮಣ್ಣು ಗೊರಸಿನ ಸಂದಿಗೆ ಮೆತ್ತಿ ಅಲ್ಲಿ ಹುಣ್ಣಾಗುವ ಹೊತ್ತು; ಕುಂಟುವ ಕುರಿಯನ್ನು ಅವತ್ತೇ ಹಿಡಿದು ಗೊರಸು ಬಿಡಿಸಿ ನೋಡಬೇಕು.

ಹತ್ತಿಪ್ಪತ್ತು ಯಳಗವನ್ನು ಮನೆಯ ಹಿತ್ತಲಲ್ಲಿ ಕಟ್ಟಿ ಮೇಯಿಸುವವರಿಗೆ ಕತ್ತರಿಯ ಚಿಂತೆಯಿಲ್ಲ. ದೊಡ್ಡಿ ಒಣಗಿರಲಿ, ತಂತಿಯ ತುದಿಗಳು ಹೊರಚಾಚದಿರಲಿ. ಬಕ್ರೀದಿಗೆಂದು ಕೊಬ್ಬಿಸುವ ಟಗರುಗಳಿಗೆ ಸೂಜಿಯನ್ನು ಕೊನೆಯ ಮಾರ್ಗವಾಗಿ ಇಟ್ಟುಕೊಳ್ಳಿ, ಮಾರುವ ದಿನ ಎಣಿಸಿಕೊಂಡು.

ಮಳೆಗಾಲದಲ್ಲೇ ಹಿಂಡಿನ ಹೆಚ್ಚಿನ ಕುರಿ ಈಯುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಎಲ್ಲ ದುಡ್ಡೂ ಹೊಕ್ಕುಳಕ್ಕೆ. ಮರಿ ಬಿದ್ದ ತಾಸಿನೊಳಗೆ ಟಿಂಚರಿನಲ್ಲಿ ಹೊಕ್ಕುಳ ಅದ್ದುವುದು, ಒಣಗಿ ಉದುರುವ ತನಕ ದಿನಾ ಮುಟ್ಟಿ ನೋಡುವುದು. ಗಿಣ್ಣದ ಹಾಲಿನಿಂದ ತಾಯಿಯ ಪ್ರತಿಕಾಯಗಳು ಮರಿಗೆ ಬರುತ್ತವೆ, ಅವು ಮರಿಯನ್ನು ಎಷ್ಟೋ ರೋಗಗಳಿಂದ ಕಾಯುತ್ತವೆ. ಈ ನೊಣದಿಂದ ಕಾಯುವ ಕೆಲಸ ಮಾತ್ರ ಟಿಂಚರಿನದು.

ಕಾಕಾನನ್ನು ಮತ್ತೆ ಕಂಡದ್ದು ಮೊನ್ನೆ, ಮಲಪ್ರಭೆಯ ದಂಡೆಯ ಹೊಲದಲ್ಲಿ. ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರ ನಮ್ಮ ಕುರಿ ಬಡದಾಡತೈತಿ, ಆದ್ರ ಹೊತ್ತು ಸಾಲೂದಿಲ್ಲ ಅನ್ರಿ" ಅಂದರು. ಮಾತಾಡುತ್ತಲೇ ಒಂದು ಹೋತಿನ ಕಾಲಿನ ಹುಳ ಕೀಳುತ್ತಿದ್ದರು, ಕಿತ್ತದ್ದನ್ನು ಪಕ್ಕದ ಮಣ್ಣಿಗೆ ಎಸೆಯುತ್ತಿದ್ದರು. ಬಲಿತ ಹುಳ ಹಾಗೆ ಮಣ್ಣಿಗೆ ಬಿದ್ದರೆ ಅಲ್ಲೇ ಕೋಶ ಕಟ್ಟಿ, ವಾರ ಹತ್ತು ದಿನದಲ್ಲಿ ನೊಣವಾಗಿ ಇದೇ ಹಿಂಡಿಗೆ ಬರುತ್ತದೆ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಮೊಮ್ಮಗನನ್ನು ಕೂಗಿದರು: "ಏ ತಮ್ಮಾ, ಆ ಡಬ್ಬಿ ತಗೊಂಡ ಬಾ, ತಳಕ್ಕ ಎರಡು ಹನಿ ಚಿಮಣಿ ಎಣ್ಣಿ ಹಾಕ್ಕೊಂಡ." ಆಮೇಲೆ ಇಬ್ಬರೂ ಬಗ್ಗಿ, ಎಸೆದವನ್ನು ಒಂದೊಂದಾಗಿ ಆರಿಸತೊಡಗಿದರು.